ತೊಗಟೆ ನೀರಿನ ಕೈ

ಗಾಯ ಆರು ಗಂಟೆಯಲ್ಲಿ ಕೂಡಿಕೊಂಡರೆ ಹೇಗಿರುತ್ತದೆ? ನಮ್ಮ ಪ್ರಯೋಗಾಲಯ ಹನ್ನೊಂದು ವರ್ಷ ತಲೆ ಕೆಡಿಸಿಕೊಂಡದ್ದು ಇದೊಂದೇ ಪ್ರಶ್ನೆಗೆ. ಕೂಡಿಕೊಂಡ ಮೇಲೆ ಆ ಮನುಷ್ಯ ಎದ್ದು ಎಲ್ಲಿಗೆ ಹೋಗುತ್ತಾನೆ, ಆ ಕೈಯನ್ನು ಎಲ್ಲಿ ಅದ್ದುತ್ತಾನೆ ಎಂದು ಯಾರೂ ಯೋಚಿಸಲಿಲ್ಲ. ಯೋಚಿಸಬೇಕಾದವಳು ನಾನಿದ್ದೆ. ಉತ್ತರ ಗೊತ್ತಿದ್ದವಳೂ ಆ ಕೋಣೆಯಲ್ಲಿ ನಾನೊಬ್ಬಳೇ.

ಈಗ ಸಹೋದ್ಯೋಗಿಗಳು ಸಮಾಧಾನ ಹೇಳಲು ಬರುತ್ತಾರೆ. ವಿಜ್ಞಾನದಲ್ಲಿ ಇಂಥದ್ದೆಲ್ಲ ಆಗುತ್ತದೆ ಮೇಡಂ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇಂಥದ್ದು ತಾನಾಗಿ ಆಗುವುದಿಲ್ಲ, ಯಾರೋ ಒಬ್ಬರು ಬಾಯಿ ಮುಚ್ಚಿಕೊಂಡು ಕೂತಿರಬೇಕಾಗುತ್ತದೆ. ಹೇಗೆ ಕೂತೆ ಎಂಬುದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಕೃಷ್ಣಾ ನದಿಯ ಆಚೆ, ಚಪ್ಪಲಿ ಮಾಡುವವರ ಒಂದು ಓಣಿ ಎಂದರೆ ಸಾಕು. ಅವರಿಗೆ ಆದದ್ದೇ ಬೇಕಾದಷ್ಟಾಗಿದೆ, ಇನ್ನು ಟೀವಿಯವರು ಬೇರೆ ಹೋಗಿ ಕ್ಯಾಮೆರಾ ಹಿಡಿಯುವುದು ಬೇಡ.

ಆ ಓಣಿಯಲ್ಲಿ ನಾನು ಹುಟ್ಟಿದೆ. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಶೇವಂತಕ್ಕನಿಗೆ ಹದಿನಾರು. ಅಕ್ಕ ಚಪ್ಪಲಿಯ ಮೇಲಿನ ಹೆಣಿಗೆ ಹೆಣೆಯುತ್ತಿದ್ದಳು. ಜಡೆ ಹಾಕಿದ ಹಾಗೆ ತೊಗಲಿನ ಮೂರು ಸಣ್ಣ ಎಳೆಗಳನ್ನು ಒಂದರ ಮೇಲೊಂದು ಹಾಕುತ್ತ, ಹೆಬ್ಬೆರಳಿನಲ್ಲಿ ಒತ್ತುತ್ತ ಹೋಗುವ ಕೆಲಸ. ಅವಳ ಹೆಣಿಗೆಯ ಜೋಡು ಎಂದರೆ ಪೇಟೆಯ ವ್ಯಾಪಾರಿಗಳು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಆ ಹೆಣಿಗೆ ನನ್ನನ್ನು ಸಾಲೆಗೆ ಕಳಿಸಿತು, ಕಾಲೇಜಿಗೆ ಕಳಿಸಿತು, ಧಾರವಾಡದ ಪ್ರಯೋಗಾಲಯದವರೆಗೂ ತಂದು ಮುಟ್ಟಿಸಿತು. ಅಕ್ಕ ಮದುವೆಯಾಗಲಿಲ್ಲ.

ಕೆಲಸ ಸಿಕ್ಕ ವರ್ಷ ಊರಿಗೆ ಹೋದಾಗ, ನೀನು ಅಲ್ಲಿ ಮಾಡುವುದಾದರೂ ಏನು ಎಂದು ಕೇಳಿದಳು. ನಾನು ಹೇಳಲು ಕೂತೆ. ಮೈಯಲ್ಲಿ ಕೊಲಾಜೆನ್ ಎಂಬ ಪ್ರೋಟೀನು ಇರುತ್ತದೆ, ಚರ್ಮ, ಮೂಳೆ, ರಕ್ತನಾಳ ಎಲ್ಲವೂ ಅದರ ಮೇಲೆ ನಿಂತಿವೆ, ಅದು ಮೂರು ಎಳೆ ಸುತ್ತಿಕೊಂಡ ಹುರಿಯ ಹಾಗೆ ಇರುತ್ತದೆ ಎಂದೆ. ಅಕ್ಕ ಕೈಯಲ್ಲಿದ್ದ ಹೆಣಿಗೆಯನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಮೂರು ಎಳಿ?"

"ಹೂಂ, ಮೂರು."

"ಹಂಗಾರ ಮನಷ್ಯಾರನ್ನ ಮಾಡಿದಾವ ನಮ್ಮ ಓಣ್ಯಾವನ ಇರಬೇಕ ಬಿಡು," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಓಣಿಯಲ್ಲಿ ಎದುರಾದವರಿಗೆಲ್ಲ ಅದನ್ನೇ ಹೇಳಿದಳು.

ಹುರಿಯಷ್ಟೇ ಇದ್ದರೆ ಮೈಯಾಗುವುದಿಲ್ಲ. ಜೀವಕೋಶ ಅದನ್ನು ಹಿಡಿದುಕೊಳ್ಳಬೇಕು. ಪ್ರತಿ ಕೋಶಕ್ಕೂ ಪೊರೆಯ ಹೊರಗೆ ಚಾಚಿಕೊಂಡ ಪುಟ್ಟ ಕೈಗಳಂಥ ಪ್ರೋಟೀನುಗಳಿವೆ. ಅವುಗಳಿಂದ ಅದು ಹುರಿಯನ್ನು ಹಿಡಿಯುತ್ತದೆ, ಹಿಡಿದು ಎಳೆದು ನೋಡುತ್ತದೆ. ಹುರಿ ಮೆತ್ತಗೆ ಬಗ್ಗಿದರೆ ಎಲ್ಲ ನೆಟ್ಟಗಿದೆ ಎಂದು ತನ್ನ ಪಾಡಿಗೆ ಇರುತ್ತದೆ. ಬಗ್ಗದಿದ್ದರೆ ಇಲ್ಲಿ ಏನೋ ಹರಿದಿದೆ ಎಂದು ತಿಳಿದು ಇನ್ನಷ್ಟು ಹುರಿ ಹೊಸೆಯತೊಡಗುತ್ತದೆ. ಗಾಯದ ಕಲೆ ಗಟ್ಟಿಯಾಗಿರುವುದು ಅದಕ್ಕೇ. ಹಿಡಿಯಲು ಏನೂ ಸಿಗದಿದ್ದರೆ ಕೋಶ ಸಾಯುತ್ತದೆ. ಹಳೆಯ ಹುರಿಯನ್ನು ಕತ್ತರಿಸುವ ಕಿಣ್ವಗಳೂ ಮೈಯಲ್ಲೇ ಇವೆ. ಹೊಸೆಯುವುದು ಒಂದು ಕಡೆ, ಕತ್ತರಿಸುವುದು ಇನ್ನೊಂದು ಕಡೆ, ಹೀಗೆ ನಡೆದರೆ ಚರ್ಮ ಮೆತ್ತಗೆ ಉಳಿಯುತ್ತದೆ.

ನಾವು ಮಾಡಿದ ವಸ್ತುವಿಗೆ ಕೂಡುಪದರ ಎಂದು ಹೆಸರಿಟ್ಟಿದ್ದೆವು. ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಕೊಲಾಜೆನ್ ಹಾಳೆ. ಸಹಜ ಹುರಿಯಲ್ಲಿ ಕೋಶ ಹಿಡಿಯಬಹುದಾದ ಜಾಗಗಳು ಎಷ್ಟಿರುತ್ತವೋ ಅದರ ಎಂಟರಷ್ಟನ್ನು ಅದರಲ್ಲಿ ಹೆಣೆದಿದ್ದೆವು. ಗಾಯದ ಮೇಲೆ ಇಟ್ಟ ಕೂಡಲೇ ಎರಡೂ ಅಂಚಿನ ಕೋಶಗಳು ಅದನ್ನು ಹತ್ತಿ ಬಂದು ಆರು ಗಂಟೆಯಲ್ಲಿ ಕೂಡಿಕೊಳ್ಳುತ್ತಿದ್ದವು. ಇಪ್ಪತ್ತೊಂದು ದಿನದೊಳಗೆ ಮೈಯ ಕಿಣ್ವಗಳು ಹಾಳೆಯನ್ನು ಕರಗಿಸಿ, ಅದರ ಜಾಗದಲ್ಲಿ ಮೈಯದೇ ಕೊಲಾಜೆನ್ ಬರುತ್ತಿತ್ತು. ಇಲಿಗಳಲ್ಲಿ ಬಂತು, ಹಂದಿಗಳಲ್ಲಿ ಬಂತು, ಆಸ್ಪತ್ರೆಯಲ್ಲಿ ಮಲಗಿದ್ದ ಇನ್ನೂರು ರೋಗಿಗಳಲ್ಲೂ ಬಂತು. ಮಲಗಿದ್ದವರು ಎಂಬುದನ್ನು ಗಮನಿಸಬೇಕು. ಅವರು ಎದ್ದು ಕೆಲಸಕ್ಕೆ ಹೋಗುವವರಾಗಿರಲಿಲ್ಲ.

ಮುಂದಿನ ಹಂತಕ್ಕೆ ದುಡಿಯುವ ಕೈಗಳು ಬೇಕಾದವು. ನಮ್ಮ ನಿರ್ದೇಶಕರು ಡಾ. ಉಪೇಂದ್ರ ಹತ್ವಾರ್. ಕುಂದಾಪುರದ ಕಡೆಯವರು, ಕೆಟ್ಟವರೇನಲ್ಲ. ಸಭೆಯಲ್ಲಿ ಅವರು ನಕಾಶೆಯ ಮೇಲೆ ಬೆರಳಿಟ್ಟರು. ಅದು ನಮ್ಮ ಊರು.

"ಚಪ್ಪಲಿ ಮಾಡುವವರು. ವಾರಕ್ಕೆ ಒಂದಾದರೂ ಗಾಯ ಆಗೇ ಆಗ್ತದೆ. ನಮಗೆ ಇದಕ್ಕಿಂತ ಒಳ್ಳೆ ಜಾಗ ಸಿಗುದಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮಂದಾಕಿನಿ, ನೀವು ಆ ಕಡೆಯವರೇ ಅಲ್ವಾ? ಚರ್ಮವನ್ನು ಅವರೇ ಹದ ಮಾಡ್ತಾರಾ, ಅಥವಾ ಹೊರಗಿಂದ ತರಿಸ್ತಾರಾ? ಕೈಗೆ ಬೇರೆ ಏನಾದ್ರೂ ತಾಗ್ತದಾ?"

ಹೌದು ಸರ್, ಕ್ರೋಮಿಯಂ ಹದವನ್ನು ಸರ್ಕಾರ ನಿಷೇಧಿಸಿದ ಮೇಲೆ ಹಳೆಯ ಪದ್ಧತಿ ಮರಳಿ ಬಂದಿದೆ. ಪ್ರತಿ ಮನೆಯ ಹಿತ್ತಿಲಲ್ಲೂ ಬಾನಿಗಳಿವೆ. ಜಾಲಿ ತೊಗಟೆ, ಅಳಲೆಕಾಯಿ ಕುಟ್ಟಿ ಹಾಕಿದ ಕಂದು ನೀರಿನಲ್ಲಿ ತೊಗಲು ನೆನೆಯುತ್ತದೆ. ಅವರ ಕೈಗಳು ದಿನವಿಡೀ ಅದರಲ್ಲೇ ಇರುತ್ತವೆ. ಆ ನೀರಿನ ಒಗರು ಕೊಲಾಜೆನ್ನಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಆಮೇಲೆ ಯಾವ ಕಿಣ್ವವೂ ಅದನ್ನು ಕತ್ತರಿಸಲಾರದು. ತೊಗಲು ಕೊಳೆಯದಿರುವುದೇ ಹಾಗೆ. ನನ್ನ ಅಪ್ಪ, ಅಜ್ಜ ಅದನ್ನೇ ಮಾಡುತ್ತಿದ್ದರು, ನನ್ನ ಅಕ್ಕ ಇವತ್ತಿಗೂ ಅಲ್ಲಿದ್ದಾಳೆ.

ಇಷ್ಟು ಹೇಳಬೇಕಿತ್ತು. ಮೇಜಿನ ಸುತ್ತ ಹದಿಮೂರು ಮಂದಿ ಇದ್ದರು. ಅಲ್ಲಿ ಸೇರುವ ಮೊದಲೇ ನಾನು ಅಡ್ಡಹೆಸರು ಬದಲಿಸಿಕೊಂಡಿದ್ದೆ. ಊಟದ ಹೊತ್ತಿಗೆ ಯಾರ ಮನೆಯವರು, ಯಾವ ಮಠ ಎಂದು ಕೇಳಿದರೆ ಮಾತು ಹಾರಿಸುವುದನ್ನು ಕಲಿತಿದ್ದೆ.

"ಅಷ್ಟಾಗಿ ಗೊತ್ತಿಲ್ಲ ಸರ್," ಎಂದೆ. "ಹದ ಮಾಡಿದ್ದನ್ನೇ ಹೊರಗಿನಿಂದ ತರಿಸುತ್ತಾರೆ ಅನಿಸುತ್ತದೆ."

ಒಂದು ಉಪಾಯವನ್ನೂ ಮಾಡಿದೆ, ಹೇಡಿಗಳು ಮಾಡುವಂಥದ್ದು. ಒಪ್ಪಿಗೆ ಪತ್ರದ ಪ್ರಶ್ನೆಗಳನ್ನು ಬರೆಯುವ ಕೆಲಸ ನನ್ನದಾಗಿತ್ತು. ಹದಿನಾಲ್ಕನೆಯದಾಗಿ ಹೀಗೆ ಸೇರಿಸಿದೆ: ಗಾಯಕ್ಕೆ ಬೇರೆ ಏನಾದರೂ ಔಷಧ ಹಚ್ಚುತ್ತೀರಾ? ಗಾಯವಾದವರು ಮೊದಲು ಕೈಯನ್ನು ಬಾನಿಯಲ್ಲಿ ಅದ್ದುವುದು ನಮ್ಮ ಓಣಿಯ ರೂಢಿ. ರಕ್ತ ನಿಲ್ಲುತ್ತದೆ, ಕೀವು ಆಗುವುದಿಲ್ಲ. ಅವರೇ ಹೇಳುತ್ತಾರೆ, ದಾಖಲೆಗೆ ಬರುತ್ತದೆ, ನಾನು ಬಾಯಿ ಬಿಡುವ ಪ್ರಮೇಯವೇ ಇರುವುದಿಲ್ಲ ಎಂದುಕೊಂಡೆ.

ನಲವತ್ತಮೂರು ಜನ ಪತ್ರ ತುಂಬಿದರು. ಹದಿನಾಲ್ಕನೆಯ ಪ್ರಶ್ನೆಗೆ ನಲವತ್ತಮೂರು ಜನವೂ ಇಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಔಷಧ ಎಂದರೆ ಡಾಕ್ಟರು ಕೊಡುವುದು, ಬಾಟಲಿಯಲ್ಲಿ ಬರುವುದು. ತೊಗಟೆ ನೀರು ಅವರ ಕೆಲಸ. ಬೆಳಿಗ್ಗೆ ಎದ್ದು ಮುಖ ತೊಳೆದದ್ದನ್ನು ಯಾರಾದರೂ ಔಷಧ ಎಂದು ಬರೆಸುತ್ತಾರೆಯೇ? ಆ ಓಣಿಯಲ್ಲಿ ಬೆಳೆದವಳಿಗೆ ಇಷ್ಟು ತಿಳಿಯಬೇಕಿತ್ತು. ತಿಳಿಯಿತು ಕೂಡ, ಪತ್ರಗಳು ಕೈಗೆ ಬಂದ ದಿನವೇ. ಅವನ್ನು ಫೈಲಿಗೆ ಹಾಕಿದೆ.

ಪದರ ಹಚ್ಚುತ್ತಿದ್ದದ್ದು ಪೇಟೆಯ ದವಾಖಾನೆಯಲ್ಲಿ, ನಮ್ಮವರು ಯಾರೂ ಓಣಿಯ ಹಿತ್ತಿಲು ನೋಡಲಿಲ್ಲ. ಮೊದಲ ತಿಂಗಳು ಓಣಿಗೆ ಹಬ್ಬ. ಮೊದಲೆಲ್ಲ ಕೈ ಕೊಯ್ದುಕೊಂಡವರು ಹತ್ತು ದಿನ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಬೆಳಿಗ್ಗೆ ಕೊಯ್ದುಕೊಂಡವರು ಸಂಜೆಗೆ ಕೆಲಸಕ್ಕೆ ಕೂತರು. ಅಕ್ಕನ ಅಂಗೈಗೆ ತೊಗಲು ಕೊಯ್ಯುವ ರಂಪಿಗೆ ತಾಗಿ ಉದ್ದಕ್ಕೆ ಸೀಳಿತ್ತು. ಮರುದಿನ ಅವಳೇ ಫೋನು ಮಾಡಿದಳು.

"ಮಂದಾ, ನಿನ್ನ ಪದರ ಭಾರಿ ಐತಿ ಬಿಡವ್ವಾ. ಮುಂಜಾನಿ ಹಚ್ಚ್ಯಾರ, ಸಂಜಿಮುಂದ ಎರಡು ಜೋಡ ಹೆಣದೀನಿ. ಓಣ್ಯಾಗ ಎಲ್ಲಾರೂ ಕೇಳ್ತಾರ, ನಿಮ್ಮ ತಂಗಿನೇ ಮಾಡ್ಯಾಳಂತಲ್ಲ ಅಂತ."

ಬಾನಿಯಲ್ಲಿ ಕೈ ಅದ್ದಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಪಕ್ಕದ ಮೇಜಿನಲ್ಲಿ ಇಬ್ಬರು ಚಹಾ ಕುಡಿಯುತ್ತಿದ್ದರು. ಬಾನಿ, ತೊಗಟೆ, ತೊಗಲು ಎಂದು ಅವರ ಮುಂದೆ ಹೇಗೆ ಹೇಳುವುದು? ಇಪ್ಪತ್ತೊಂದೇ ದಿನವಲ್ಲವೇ, ಏನಾಗುತ್ತದೆ, ಹೊರಗೆ ಹೋಗಿ ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಆಮೇಲೆ ಮಾಡಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ.

ಏಳನೆಯ ವಾರ ಅವಳೇ ಮತ್ತೆ ಫೋನು ಮಾಡಿದಳು. ದನಿಯಲ್ಲಿ ಎಂದಿನ ಗೆಲುವಿರಲಿಲ್ಲ.

"ಬೆರಳ ಬಿಚ್ಚವಲ್ಲವು ಮಂದಾ. ನೋವು ಏನಿಲ್ಲ. ಆದ್ರ ಬಿಚ್ಚವಲ್ಲವು."

ಅದೇ ದಿನ ಬಸ್ಸು ಹತ್ತಿದೆ. ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಬಲಗೈ ಅರ್ಧ ಮುಚ್ಚಿದ ಮುಷ್ಟಿಯಾಗಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಎಳೆ ಹಿಡಿಯುವಷ್ಟು ಸಂದಿ, ಹೆಣೆಯುತ್ತಿದ್ದವಳು ಅಲ್ಲಿಗೇ ನಿಂತ ಹಾಗೆ. ಬಣ್ಣ ಕಂದಾಗಿತ್ತು. ನಾನು ಆ ಕೈಯನ್ನು ಹಿಡಿದೆ, ಹಿಡಿದ ಕೂಡಲೇ ಬಿಟ್ಟೆ. ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ಮೂರನೆಯ ಬಾನಿಯಿಂದ ತೆಗೆದ, ಇನ್ನೂ ಒಣಗಿಸದ ತೊಗಲಿನ ಸ್ಪರ್ಶ ನನಗೆ ಚಿಕ್ಕಂದಿನಿಂದ ಗೊತ್ತು.

"ಗಾಯದ ಮ್ಯಾಲೆ ಬಾನಿ ನೀರು ಹಾಕಿದ್ಯೇನ ಅಕ್ಕಾ?"

"ಹಾಕೂದೇನ ಬಂತು? ದಿನಾ ಕೈ ಅದರಾಗ ಇರ್ತೈತಲ್ಲ. ಯಾಕ?"

ಅಷ್ಟರಲ್ಲಿ ಕಲ್ಲಪ್ಪ ಕಾಕಾ ಬಂದ. ಓಣಿಯಲ್ಲಿ ತೊಗಲು ಹದ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತೊಗಲನ್ನು ಚೀಲದ ಹಾಗೆ ಹೊಲಿದು ಅದರ ತುಂಬ ತೊಗಟೆ ನೀರು ಹಾಕಿ ತೂಗುಬಿಡುವುದು, ಅದು ಒಸರುತ್ತಿರುವಾಗಲೇ ತಬ್ಬಿ ಹಿಡಿದು ಇಳಿಸುವುದು ಅವನ ಕೆಲಸ. ಬಿಸಿನೀರು ಚೆಲ್ಲಿ ಎದೆ ಸುಟ್ಟಿತ್ತು, ನಮ್ಮವರು ಅಂಗೈ ಅಗಲದ ಎರಡು ಪದರ ಹಚ್ಚಿದ್ದರು. ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಒಂದು ತೋಳ ಕೆಳಗಿನಿಂದ ಇನ್ನೊಂದು ತೋಳ ಕೆಳಗಿನವರೆಗೆ ಎದೆ ಕಂದು ಹಲಗೆಯಾಗಿತ್ತು. ಬೆರಳಿನಿಂದ ತಟ್ಟಿದ. ಸದ್ದು ಬಂತು.

"ಚಲೋ ಹದಾ ಆಗೇತಿ ನೋಡವ್ವಾ," ಎಂದ. ನಗಲು ಹೋದ, ಉಸಿರು ಸಾಲಲಿಲ್ಲ. "ನಲವತ್ತು ವರ್ಷ ಮಾಡೇನಿ. ಇಂಥಾ ಹದಾ ನನ್ನ ಕೈಲಿ ಒಮ್ಮಿನೂ ಬಂದಿಲ್ಲ."

ನಲವತ್ತಮೂರು ಜನರ ಮನೆಗೂ ಹೋದೆ. ಎಲ್ಲರಲ್ಲೂ ಅದೇ, ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಹೆಚ್ಚು. ಬಾನಿಗೆ ಕೈ ಹಾಕುವುದನ್ನು ಅವತ್ತೇ ನಿಲ್ಲಿಸಿದೆವು. ಆದರೂ ನಿಲ್ಲಲಿಲ್ಲ. ಗಟ್ಟಿಯಾದ ಅಂಚನ್ನು ಎಂಟು ಪಟ್ಟು ಬಿಗಿಯಾಗಿ ಹಿಡಿದ ಕೋಶ ಪಕ್ಕದ ಹುರಿಯನ್ನು ಎಳೆಯುತ್ತದೆ. ಎಳೆತಕ್ಕೆ ಸಿಕ್ಕ ಹುರಿ ಬಗ್ಗುವುದಿಲ್ಲ. ಅದನ್ನು ಹಿಡಿದ ಕೋಶ ಗಾಯವಾಗಿದೆ ಎಂದು ತಿಳಿದು ಇನ್ನಷ್ಟು ಹೊಸೆಯುತ್ತದೆ, ತನ್ನ ಪಕ್ಕದ್ದನ್ನು ಎಳೆಯುತ್ತದೆ. ಹೀಗೆ ಪದರ ಹಚ್ಚದ ಕಡೆಗೂ, ತೊಗಟೆ ನೀರು ಮುಟ್ಟದ ಕಡೆಗೂ ಅದು ವಾರಕ್ಕೆ ಎರಡು ಬೆರಳಗಲದವರೆಗೂ ಸಾಗುತ್ತಿತ್ತು. ಅಕ್ಕನಿಗೆ ಮಣಿಕಟ್ಟು ದಾಟಿತ್ತು.

ಧಾರವಾಡಕ್ಕೆ ಮರಳಿ ಅಕ್ಕನ ಅಂಗೈಯಿಂದ ತೆಗೆದ ಸಾಸಿವೆ ಕಾಳಿನಷ್ಟು ಚರ್ಮವನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಎಲ್ಲ ಯಂತ್ರಗಳಿಗೂ ಕೊಟ್ಟೆ. ಕೊನೆಗೆ ನಮ್ಮ ಓಣಿಯ ಪರೀಕ್ಷೆಯನ್ನೇ ಮಾಡಿದೆ. ಕೈ ಇಡಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿಗೆ ಹಸಿ ತೊಗಲಿನ ಚೂರು ಹಾಕಿದರೆ ಮುದುಡಿಕೊಳ್ಳುತ್ತದೆ, ಹದವಾದದ್ದು ಹಾಗೇ ಇರುತ್ತದೆ. ಅಕ್ಕನ ಚೂರು ಮುದುಡಲಿಲ್ಲ. ಎಷ್ಟು ಹೊತ್ತು ಕಾದರೂ ಮುದುಡಲಿಲ್ಲ. ಹತ್ವಾರರು ಬಂದು ಹಿಂದೆ ನಿಂತಿದ್ದು ನನಗೆ ಗೊತ್ತಾಗಿರಲಿಲ್ಲ.

"ಈ ಪರೀಕ್ಷೆ ನೀವು ಎಲ್ಲಿ ಕಲಿತದ್ದು ಮಂದಾಕಿನಿ?"

"ಎಲ್ಲೋ ಓದಿದ್ದೆ ಸರ್," ಎಂದೆ. ಅಷ್ಟಾದ ಮೇಲೂ, ಅಕ್ಕನ ಚರ್ಮ ನನ್ನ ಕಣ್ಣೆದುರು ಬಿಸಿನೀರಿನಲ್ಲಿ ತೇಲುತ್ತಿರುವಾಗಲೂ ಹಾಗಂದೆ.

ಹದವಾದದ್ದನ್ನು ಬಿಡಿಸಲು ಸಾಧ್ಯವೇ ಎಂದು ಮೂರು ವಾರ ಹಗಲೆಲ್ಲ ಅದೇ ಕೆಲಸ. ಸೋಡಾದ ಹಾಗೆ ಒಗರನ್ನು ಎಳೆದು ತೆಗೆಯುವ ಒಂದು ಮುಲಾಮು, ಅದರ ಹಿಂದೆಯೇ ಗಟ್ಟಿ ಹುರಿಯನ್ನು ಕರಗಿಸುವ ಕಿಣ್ವ. ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಬಂತು. ಅಷ್ಟರಲ್ಲಿ ಧಾರವಾಡದ ಆಸ್ಪತ್ರೆಗೆ ಕರೆತಂದಿದ್ದವರಲ್ಲಿ ಮೊದಲು ಯಾರ ಮೇಲೆ ಎಂಬ ಮಾತು ಬಂದಾಗ ಅಕ್ಕ ಕಿರುಬೆರಳು ಮುಂದೆ ಮಾಡಿದಳಂತೆ. ಆಸ್ಪತ್ರೆಯವರು ಹೇಳಿದರು.

"ಇದನ್ನ ನೋಡ್ರಿ ಮೊದಲ. ಹೆಣಿಕಿಗೆ ಈ ಬೆರಳ ಅಷ್ಟೇನ ಬೇಕಾಗೂದಿಲ್ಲ," ಎಂದಿದ್ದಳಂತೆ.

ಎರಡನೆಯ ದಿನ ಬೆರಳು ಮೆತ್ತಗಾಯಿತು. ಬಣ್ಣ ತಿಳಿಯಾಯಿತು. ಅಕ್ಕ ಅದನ್ನು ಬಗ್ಗಿಸಿ ತೋರಿಸಿದಳು. ನಾನು ಅತ್ತುಬಿಟ್ಟೆ, ಹತ್ವಾರರೂ ಕನ್ನಡಕ ಒರೆಸಿಕೊಂಡರು. ನಾಲ್ಕನೆಯ ದಿನ ಬೆರಳು ಕಪ್ಪಾಯಿತು. ವಾರಗಟ್ಟಲೆ ಆ ಗಟ್ಟಿ ಹುರಿಯನ್ನೇ ಬಿಗಿಯಾಗಿ ಹಿಡಿದು ಬದುಕಿದ್ದ ಕೋಶಗಳಿಗೆ ಅದು ಕರಗಿದ ಮೇಲೆ ಹಿಡಿಯಲು ಏನೂ ಉಳಿದಿರಲಿಲ್ಲ. ಒಳಗಿದ್ದ ಮೆತ್ತನೆಯ ಹುರಿಯನ್ನೂ ಕಿಣ್ವ ಅದರ ಜೊತೆಗೇ ಕರಗಿಸಿತ್ತು. ಆರನೆಯ ದಿನ ಕಟ್ಟು ಬಿಚ್ಚುವಾಗ ಬೆರಳು ಬಟ್ಟೆಯ ಜೊತೆಗೇ ಬಂತು. ದಾದಿ ಚೀರಿದಳು, ಅಕ್ಕ ಚೀರಲಿಲ್ಲ. ಅವಳಿಗೆ ಗೊತ್ತೇ ಆಗಿರಲಿಲ್ಲ.

ಕಲ್ಲಪ್ಪ ಕಾಕಾ ಆ ವಾರವೇ ತೀರಿಕೊಂಡ. ಪುಪ್ಪುಸದಲ್ಲಿ ಏನೂ ತೊಂದರೆ ಇರಲಿಲ್ಲ. ಎದೆ ಅಗಲವಾಗದಿದ್ದರೆ ಗಾಳಿ ಒಳಗೆ ಹೋಗುವುದು ಹೇಗೆ? ಶಸ್ತ್ರಚಿಕಿತ್ಸಕರು ಎದೆಯ ಚರ್ಮವನ್ನು ಉದ್ದುದ್ದಕ್ಕೆ ಸೀಳಿ ಸಡಿಲ ಮಾಡಲು ಹೋದರು, ಸೀಳಿದ ಅಂಚು ಮರುದಿನಕ್ಕೆ ಮತ್ತೆ ಎಳೆದುಕೊಂಡಿತು. ಮಣ್ಣು ಕೊಡುವಾಗ ಹೆಣವನ್ನು ಬಗ್ಗಿಸಿ ಕೂರಿಸಲು ಆಗಲಿಲ್ಲ ಎಂದು ಓಣಿಯವರು ಹೇಳಿದರು.

ಅಕ್ಕನಿಗೆ ಮೊಣಕೈಯ ಹತ್ತಿರ ಬಂದಿತ್ತು. ಭುಜ ದಾಟಿದರೆ ಮುಂದಿನದು ಎದೆ. ಅಷ್ಟರೊಳಗೆ ಮೊಣಕೈ ಮೇಲೆ ಕತ್ತರಿಸಬೇಕು ಎಂದು ವೈದ್ಯರು ದಿನ ಗೊತ್ತು ಮಾಡಿದರು.

ಅದರ ಹಿಂದಿನ ದಿನ ಬೆಳಿಗ್ಗೆ ಹತ್ವಾರರು ತನಿಖಾ ಸಮಿತಿಗೆ ಕಳಿಸುವ ವರದಿಯನ್ನು ನನ್ನ ಮುಂದಿಟ್ಟರು. ಅದರಲ್ಲಿ ಒಂದು ವಾಕ್ಯವಿತ್ತು: ಹದಿನಾಲ್ಕನೆಯ ಪ್ರಶ್ನೆಗೆ ಭಾಗವಹಿಸಿದವರೆಲ್ಲರೂ ಮಾಹಿತಿಯನ್ನು ಮುಚ್ಚಿಟ್ಟಿದ್ದಾರೆ.

"ಮುಚ್ಚಿಟ್ಟಿದ್ದಾರೆ ಅಂತ ಯಾಕೆ ಸರ್?"

"ಇನ್ನೇನಂತ ಬರೀಲಿ ಹೇಳಿ? ನಾವು ಕೇಳಿದ್ವಲ್ಲ. ಅವರು ಹೇಳಲಿಲ್ಲ. ನಮಗೆ ಹೇಗೆ ಗೊತ್ತಾಗಬೇಕು?" ವರದಿಯನ್ನು ನನ್ನ ಕಡೆ ಸರಿಸಿದರು. "ನಮ್ಮಲ್ಲಿ ಯಾರಿಗಾದ್ರೂ ಗೊತ್ತಿತ್ತಾ?"

ವರದಿ ತೆಗೆದುಕೊಂಡು ಆಸ್ಪತ್ರೆಗೆ ನಡೆದೆ. ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಎಡಗೈಯಿಂದ ಬಲಗೈಯ ಮೇಲೆ ಸೆರಗು ಮುಚ್ಚಿಕೊಂಡಿದ್ದಳು. ಬಂದವರೆಲ್ಲ ಅದನ್ನೇ ನೋಡುತ್ತಾರೆ ಎಂದು ಅವಳಿಗೆ ಬೇಸರ. ಮೋಸಂಬಿ ಸುಲಿದು ಒಂದೊಂದೇ ತೊಳೆ ಬಾಯಿಗಿಟ್ಟೆ. ಎರಡು ತಿಂದಳು, ಸಾಕು ಎಂದಳು.

"ನಮ್ಮ ಮಂದಿ ಸುಳ್ಳ ಹೇಳ್ಯಾರಂತ ಬರದಾರಂತಲ್ಲ, ಹೌದೇನ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಮಾತು ಎಷ್ಟು ಬೇಗ ಓಡಾಡುತ್ತದೋ.

"ಹೂಂ."

"ಯಾರೂ ಸುಳ್ಳ ಹೇಳಿಲ್ಲ ಮಂದಾ. ಔಷಧ ಹಚ್ಚೀರೇನು ಅಂತ ಕೇಳಿದ್ರು. ಹಚ್ಚಿದ್ದಿಲ್ಲ. ಬಾನ್ಯಾಗ ಕೈ ಹಾಕ್ತೀರೇನು ಅಂತ ಕೇಳಿದ್ರ ಹೇಳತಿರ್ಲಿಲ್ಲೇನು? ಅದನ್ಯಾಕ ಕೇಳಲಿಲ್ಲ? ಅಲ್ಲಿ ಯಾರಿಗೂ ಗೊತ್ತಿರಲಿಲ್ಲೇನ?"

ಬೆಳಿಗ್ಗೆಯಿಂದ ಎರಡನೆಯ ಸಲ ಅದೇ ಪ್ರಶ್ನೆ.

"ನನಗ ಗೊತ್ತಿತ್ತು," ಎಂದೆ. "ಮೀಟಿಂಗ್ ಒಳಗ ನನ್ನನ್ನ ಕೇಳಿದ್ರು ಅಕ್ಕಾ. ಆ ಮಂದಿ ತಾವ ಹದ ಮಾಡ್ತಾರೇನು ಅಂತ. ಗೊತ್ತಿಲ್ಲ ಅಂದ್ನಿ."

ಅಕ್ಕ ನನ್ನ ಕಡೆ ತಿರುಗಿದಳು. ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಅದರ ಗಾಲಿಯ ಸದ್ದು ಪಡಸಾಲೆಯ ಕೊನೆಯವರೆಗೂ ಕೇಳಿಸಿತು.

"ಯಾಕ?"

"ನಾಚಿಕಿ ಆತು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಬದುಕುತ್ತಿದ್ದೆ. ಅವಳು ಸೆರಗು ಸರಿಸಿ, ಆ ಕಂದು ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ನೀ ಸಾಲಿಗಿ ಹೋಗೂ ಮುಂದ ದಿನಾ ನಿನ್ನ ಕೈ ತಿಕ್ಕತಿದ್ನಿ, ನೆನಪೈತೇನ? ಹುಣಸಿಹಣ್ಣು ಹಚ್ಚಿ ತಿಕ್ಕತಿದ್ನಿ. ತೊಗಟಿ ಬಣ್ಣ ಕಾಣಬಾರದು, ವಾಸನಿ ಬರಬಾರದು ಅಂತ. ಉಗರಿನ ಸಂದ್ಯಾಗ ಕಡ್ಡಿ ಹಾಕಿ ತೆಗಿತಿದ್ನಿ. ನೀ ಅಳತಿದ್ದಿ, ಉರಿತೈತಿ ಅಂತ. ಬಿಡತಿರಲಿಲ್ಲ ನಾ. ಯಾರ ಮನ್ಯಾಕಿ ಅಂತ ಕೇಳಿದ್ರ ಹೇಳಬ್ಯಾಡ ಅಂತ ನಾನೇ ಕಲಿಸಿದ್ನಿ. ಚಲೋ ಕಲತಿ ನೀ. ನಾ ಕಲಿಸಿದ್ದು ಒಂದೂ ಮರೀಲಿಲ್ಲ."

ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ತಲೆ ಸವರಲೆಂದು ಅಭ್ಯಾಸದಿಂದ ಬಲಗೈಯನ್ನೇ ಎತ್ತಿದಳು. ಅದು ನನ್ನ ಬೈತಲೆಗೆ ಹಲಗೆಯ ಹಾಗೆ ತಾಗಿತು. ನೋವಾಯಿತು, ಹೇಳಲಿಲ್ಲ. ತಾಗಿದ್ದು ಅವಳಿಗೂ ತಿಳಿಯಲಿಲ್ಲ. ಹಾಗೆಯೇ ಸ್ವಲ್ಪ ಹೊತ್ತು ಸವರುತ್ತಿದ್ದಳು.

"ಆ ಕಾಗದದಾಗ ಖರೇ ಬರಿ," ಎಂದಳು ಕೊನೆಗೆ. "ಕಲ್ಲಪ್ಪ ಕಾಕಾ ಸುಳ್ಳಗಾರ ಅಂತ ಅನಿಸ್ಕೊಂಡು ಮಣ್ಣಾಗ ಇರೂದು ಬ್ಯಾಡ."

ಮರುದಿನ ಹತ್ತು ಗಂಟೆಗೆ ಅವಳನ್ನು ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಹತ್ವಾರರ ವಾಕ್ಯದ ಮೇಲೆ ಗೆರೆ ಎಳೆದು ಅದರ ಕೆಳಗೆ ಬರೆದೆ: ಈ ಜನ ತೊಗಟೆ ನೀರಿನಲ್ಲಿ ಕೈಯಿಡುವುದು ಪ್ರಶ್ನೆ ಬರೆದವಳಿಗೆ ಗೊತ್ತಿತ್ತು. ಆಕೆ ಅದೇ ಓಣಿಯವಳು. ಕೇಳಿದಾಗ ಗೊತ್ತಿಲ್ಲವೆಂದಳು. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದಾಗ ಇದ್ದ ಅಡ್ಡಹೆಸರು ಬರೆದೆ. ಅದನ್ನು ಬರೆದು ಹದಿನೆಂಟು ವರ್ಷವಾಗಿತ್ತು. ಹತ್ವಾರರು ಅದನ್ನು ಓದಿ ಸಹಿ ಹಾಕಿದರು. ಆಮೇಲೆ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಜಾತಿಯ ಕಾರಣಕ್ಕಲ್ಲ ಎಂದು ನಂಬಿದ್ದೇನೆ, ಬಿಡಲು ಬೇರೆ ಕಾರಣ ಸಾಕಷ್ಟಿದೆ. ಕೆಲಸದಿಂದ ನನ್ನನ್ನು ತೆಗೆಯಲಿಲ್ಲ. ಉಳಿದ ನಲವತ್ತೊಂದು ಜನರಿಗೆ ಏನಾದರೂ ಕಂಡುಹಿಡಿಯಬೇಕಾದರೆ ನಾನೇ ಬೇಕು ಎಂದು ಸಮಿತಿ ಹೇಳಿತು. ಇಷ್ಟರವರೆಗೆ ಕತ್ತರಿಸುವುದನ್ನು ಬಿಟ್ಟು ಬೇರೆ ಏನೂ ಸಿಕ್ಕಿಲ್ಲ.

ಅಕ್ಕ ಊರಲ್ಲಿದ್ದಾಳೆ. ಬಾನಿಗಳು ಖಾಲಿ ಬಿದ್ದಿವೆ, ಓಣಿಯಲ್ಲಿ ಚಪ್ಪಲಿ ಮಾಡುವವರು ಈಗ ಯಾರೂ ಇಲ್ಲ. ಎಡಗೈಯಿಂದ ಹೆಣೆಯಲು ನೋಡಿದಳಂತೆ, ಮೂರು ಎಳೆಗೆ ಒಂದು ಕೈ ಸಾಲುವುದಿಲ್ಲ. ಫೋನು ಮಾಡಿದರೆ ಎತ್ತುತ್ತಾಳೆ, ಊಟ ಆಯಿತೇ ಎಂದು ಕೇಳುತ್ತಾಳೆ. ಬಾ ಎಂದು ಕರೆಯುವುದಿಲ್ಲ.

ಕತ್ತರಿಸಿದ ಕೈಯನ್ನು ಸುಡಬೇಡಿ, ನನ್ನ ತಂಗಿಗೆ ಕೊಡಿ, ನೋಡಲಿ ಎಂದು ಅವಳೇ ಬರೆಸಿದ್ದಳು. ಅದು ನನ್ನ ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿದೆ. ಕೊಳೆಯದಂತೆ ಏನನ್ನೂ ಹಾಕಿಲ್ಲ, ಬರೀ ನೀರು. ರಂಪಿಗೆ ತಾಗಿದ ಗೆರೆ ಅಂಗೈಯಲ್ಲಿ ಕಾಣುತ್ತದೆ. ವರ್ಷಗಟ್ಟಲೆ ಎಳೆ ಒತ್ತಿ ಹೆಬ್ಬೆರಳಿನಲ್ಲಿ ಬಿದ್ದ ತಗ್ಗು ಕಾಣುತ್ತದೆ. ಒಂದು ದಿನ ತೊಗಲಿನ ಒಂದು ಎಳೆಯನ್ನು ತಂದು ಹೆಬ್ಬೆರಳು ತೋರುಬೆರಳಿನ ನಡುವಿನ ಸಂದಿಗೆ ಇಟ್ಟೆ. ಸರಿಯಾಗಿ ಕೂತಿತು. ಎಳೆದು ನೋಡಿದೆ, ಕೈ ಬಿಡಲಿಲ್ಲ. ಆ ಎಳೆಯನ್ನು ಅಲ್ಲೇ ಬಿಟ್ಟಿದ್ದೇನೆ.

ಪ್ರತಿ ಸೋಮವಾರ ಬೆಳಿಗ್ಗೆ ನೀರು ಬದಲಿಸಿ, ಚರ್ಮ ಒತ್ತಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಇದು ಎಂಬತ್ತನೆಯ ವಾರ. ಬದಲಾವಣೆ ಇಲ್ಲ ಎಂದು ಬರೆದಿದ್ದೇನೆ.